ಮಗನಿಗೊಂದು ಟ್ರಸ್ಟ್ ಮಾಡಿದ್ದು

ನಮ್ಮ ಮಗನಿಗೀಗ 27. ಡೌನ್ ಸಿಂಡ್ರೋಮ್ ಇದೆ. ಬಸ್ಸಿನ ನಂಬರು ಓದುತ್ತಾನೆ, ಬೀದಿನಾಯಿಗಳಿಗೆಲ್ಲ ಹೆಸರಿಟ್ಟಿದ್ದಾನೆ. ನೂರರ ನೋಟಿಗೂ ಐನೂರರ ನೋಟಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮನೆ, ಠೇವಣಿ ಎಲ್ಲ ಅವನ ಹೆಸರಿಗೆ ಬರೆದರೆ ನಾಳೆ ಸಹಿ ಹಾಕುವವರು ಯಾರು? ಮಗಳ ಹೆಸರಿಗೆ ಬರೆದು "ತಮ್ಮನ್ನ ನೋಡ್ಕೊ" ಅನ್ನುವುದು ನಮ್ಮ ಕಡೆಯ ರೂಢಿ. ಮಗಳ ಮೇಲೆ ಅನುಮಾನವಿಲ್ಲ. ಆದರೆ ಅವಳ ಹೆಸರಿಗೆ ಹೋದದ್ದು ಅವಳದೇ ಆಸ್ತಿ. ಅವಳಿಗೆ ಸಾಲ ಕೊಟ್ಟವರೂ ಅದಕ್ಕೆ ಕೈಹಾಕಬಹುದು, ಅವಳ ನಂತರ ಅವಳ ವಾರಸುದಾರರಿಗೆ ಹೋಗುತ್ತದೆ. ಕಡೆಗೆ 1882ರ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಿದೆವು: ಆಸ್ತಿ ಟ್ರಸ್ಟಿಗಳ ಕೈಯಲ್ಲಿ, ಅದರ ಬಳಕೆ ಅವನಿಗಾಗಿ ಮಾತ್ರ.

ವಕೀಲರು ಬರೆದ ಟ್ರಸ್ಟ್ ಪತ್ರದ, ಅಂದರೆ ಡೀಡಿನ, ಮೊದಲ ಕರಡಿನಲ್ಲಿ "ಫಲಾನುಭವಿಯ ಶಿಕ್ಷಣ ಮತ್ತು ವಿವಾಹದ ವೆಚ್ಚ" ಅಂತಿತ್ತು. ಯಾರದೋ ಡೀಡಿನ ನಕಲು. ನನ್ನ ಹೆಂಡತಿ ಪೆನ್ಸಿಲ್ಲಿನಲ್ಲಿ ಅದಕ್ಕೆ ಗೀಟು ಹಾಕಿ ಪಕ್ಕದಲ್ಲಿ ಬರೆದಳು: ಥೈರಾಯ್ಡ್ ತಪಾಸಣೆ, ಹಲ್ಲಿನ ಡಾಕ್ಟರು, ಜೊತೆಗಿರುವ ಹುಡುಗನ ಸಂಬಳ, ಈಜು, ವರ್ಷಕ್ಕೊಂದು ಪ್ರವಾಸ.

"ಪ್ರವಾಸ ಎಲ್ಲಾ ಡೀಡಲ್ಲಿ ಯಾಕೆ ಮೇಡಂ?"

"ಬರೀದಿದ್ರೆ ಯಾರೂ ಕರ್ಕೊಂಡು ಹೋಗಲ್ಲ ಸಾರ್."

ಪ್ರವಾಸ ಉಳಿಯಿತು.

ಟ್ರಸ್ಟಿಗಳು ನಾನು, ಹೆಂಡತಿ, ಮಗಳು. ನಮ್ಮಿಬ್ಬರ ನಂತರ ಬರುವವರ ಹೆಸರೂ ಅದರಲ್ಲೇ ಇದೆ. ಡೀಡಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಟ್ರಸ್ಟಿಗಳೆಲ್ಲ ಸೇರಿಯೇ ಕೆಲಸ ನಡೆಸಬೇಕು ಅನ್ನುತ್ತದೆ ಕಾಯ್ದೆಯ 48ನೇ ಕಲಮು. ಮಗಳಿರುವುದು ಪುಣೆಯಲ್ಲಿ. ಔಷಧಿ ಬಿಲ್ಲಿಗೂ ಅವಳ ಸಹಿಗೆ ಕಾಯುವುದಾಗುತ್ತದೆಯೇ? ದಿನದ ಖರ್ಚಿಗೆ ಇಬ್ಬರ ಸಹಿ, ಮನೆ ಮಾರುವುದಾದರೆ ಎಲ್ಲರದೂ ಎಂದು ಬರೆಸಿದೆವು. ಇನ್ನೊಂದು ಮಾತು ಮಗಳೇ ಎತ್ತಿದಳು. "ಅವನ ನಂತರ ಉಳಿದಿದ್ದು ನನಗೆ ಅಂತ ಬರೆಸಬೇಡಪ್ಪ. ಅವನಿಗೆ ಖರ್ಚು ಮಾಡೋವಾಗ ನನ್ನ ಕೈ ಬಿಗಿಯಾಗುತ್ತೆ." ನನಗೆ ಹೊಳೆದೇ ಇರಲಿಲ್ಲ. ಉಳಿದದ್ದು ಅವನಂಥ ಮಕ್ಕಳ ಶಾಲೆಗೆ ಎಂದಾಯಿತು.

ಸ್ಥಿರಾಸ್ತಿಯನ್ನು ಟ್ರಸ್ಟ್‌ಗೆ ಸೇರಿಸಲು ನೋಂದಾಯಿತ ಪತ್ರವಾಗಬೇಕು, ಇಲ್ಲವೇ ವಿಲ್. ನಾವು ಮನೆಯನ್ನು ವಿಲ್ಲಿಗೆ ಬಿಟ್ಟು, ಠೇವಣಿಯ ಹಣವನ್ನು ಮಾತ್ರ ಈಗಲೇ ಹಾಕಿದೆವು. ನಾವಿರುವಾಗಲೇ ಗಾಡಿ ಓಡಿಸಿ ನೋಡುವ ಆಸೆ. ಯಾರಿಗೆಷ್ಟು ಎಂಬುದನ್ನು ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟರೆ ಸಾಮಾನ್ಯವಾಗಿ ಗರಿಷ್ಠ ದರದ ತೆರಿಗೆ ಬೀಳುತ್ತದೆ ಎಂದು ಆಡಿಟರು ಎಚ್ಚರಿಸಿದ್ದರಿಂದ, ಆದಾಯವೆಲ್ಲ ಅವನೊಬ್ಬನದೇ ಎಂದು ಸ್ಪಷ್ಟವಾಗಿ ಬರೆಸಿದೆವು.

ಸತಾಯಿಸಿದ್ದು ಬ್ಯಾಂಕು. ಟ್ರಸ್ಟ್ ಅಂದರೆ ದೇವಸ್ಥಾನ, ಇಲ್ಲವೇ ಶಾಲೆ ಎಂದುಕೊಂಡ ಮ್ಯಾನೇಜರು ಧರ್ಮಾರ್ಥ ಸಂಸ್ಥೆಗಳು ಪಡೆಯುವ 12ಎ ಪತ್ರ ತನ್ನಿ ಎಂದರು. ಇದು ಖಾಸಗಿ ಟ್ರಸ್ಟ್, ಅದು ಬೇಕಿಲ್ಲ ಎಂದು ಮೂರು ಸಲ ಹೋಗಿ ಹೇಳಿದೆ. ಪ್ಯಾನ್ ಬಂದಿತ್ತು, ಡೀಡ್ ಇತ್ತು, ಆದರೂ ಖಾತೆ ತೆರೆಯಲು ಏಳು ವಾರ.

ಟ್ರಸ್ಟ್ ನೋಡಿಕೊಳ್ಳುವುದು ಹಣವನ್ನಷ್ಟೆ. ಅವನ ಪರವಾಗಿ ನಿರ್ಧರಿಸುವ ಕಾನೂನುಬದ್ಧ ಪೋಷಕರು (ಗಾರ್ಡಿಯನ್) ಬೇರೆಯೇ ಬೇಕು. ಅದಕ್ಕೆ, ಇಂಥ ವೈಕಲ್ಯ ಇರುವವರಿಗಾಗಿ ಮಾಡಿದ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿದ್ದೇವೆ.

ಹೋದ ತಿಂಗಳು ಈಜುಕೊಳದ ಫೀಜು ಟ್ರಸ್ಟಿನ ಚೆಕ್ಕಿನಲ್ಲೇ ಕಟ್ಟಿದೆ. ಗುಮಾಸ್ತ ಅಭ್ಯಾಸಬಲದಿಂದ ರಸೀದಿಗೆ ನನ್ನ ಹೆಸರು ಬರೆದ. ಅಲ್ಲೇ ನಿಂತು ತಿದ್ದಿಸಿಕೊಂಡು ಬಂದೆ.