ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಕೆಟ್ಟರೆ: ತಪ್ಪು ಯಾವ ಪದರದಲ್ಲಿದೆ, ಹಿಡಿಯುವುದು ಹೇಗೆ?

ಸ್ಕ್ರೀನ್ ಮಿನುಗುತ್ತದೆ, ವಿಡಿಯೋ ತಡವರಿಸುತ್ತದೆ, ಸಸ್ಪೆಂಡ್‌ನಿಂದ ಎಬ್ಬಿಸಿದರೆ ಪರದೆ ಕಪ್ಪಗೇ ಉಳಿಯುತ್ತದೆ. ‘ಡ್ರೈವರ್ ಅಪ್‌ಡೇಟ್ ಮಾಡಿ’ ಅನ್ನುತ್ತಾರೆ. ಯಾವ ಡ್ರೈವರ್? ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೆ ಐ915 (ಇಂಟೆಲ್), ಎಎಂಡಿಜಿಪಿಯು (ಎಎಂಡಿ), ನೂವೋ (ಎನ್‌ವಿಡಿಯಾ) ಇವೆ. ಬೂಟ್ ಆಗುವಾಗ ಚಿಪ್ಪಿಗೆ ತುಂಬುವ ಫರ್ಮ್‌ವೇರ್ ಬೇರೆ. ಆಟ, ಅಪ್ಲಿಕೇಶನ್‌ಗಳು ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್, ವಲ್ಕನ್ ನೋಡಿಕೊಳ್ಳುವ ಮೆಸಾ ಇನ್ನೂ ಬೇರೆ. ಪರದೆ ಹೊತ್ತಿಸುವುದು, ರೆಸಲ್ಯೂಶನ್, ಸಸ್ಪೆಂಡ್, ಬ್ರೈಟ್‌ನೆಸ್ ಇವು ಕರ್ನಲ್ಲಿನ ಪಾಲು. ಒಂದೇ ಆಟದಲ್ಲಿ ಬಣ್ಣ ಕೆಟ್ಟರೆ, ಒಂದೇ ಅಪ್ಲಿಕೇಶನ್ ಕುಸಿದರೆ ಅನುಮಾನ ಮೊದಲು ಮೆಸಾದ ಮೇಲೆ. ಪದರ ಗೊತ್ತಾಗುವ ಮುನ್ನ ಏನನ್ನೂ ಬದಲಿಸಬೇಡಿ.

ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟು ವಿಜಿಎ ಅಥವಾ 3ಡಿ ಕಂಟ್ರೋಲರ್ ಎಂಬ ಸಾಲು ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲೇ ಇಲ್ಲದಿದ್ದರೆ ಕರ್ನಲ್ ಆ ಚಿಪ್ಪನ್ನು ಕೈಗೆತ್ತಿಕೊಂಡಿಲ್ಲ ಎಂದರ್ಥ. ಆಮೇಲೆ ‘ಜಿಎಲ್‌ಎಕ್ಸ್‌ಇನ್ಫೋ -ಬಿ’ (ಬಿ ದೊಡ್ಡಕ್ಷರ; ಮೆಸಾ-ಯುಟಿಲ್ಸ್ ಪ್ಯಾಕೇಜಿನಲ್ಲಿ ಸಿಗುತ್ತದೆ). ರೆಂಡರರ್ ಸಾಲಿನಲ್ಲಿ ನಿಮ್ಮ ಚಿಪ್ಪಿನ ಹೆಸರಿರಬೇಕು. ಅಲ್ಲಿ ‘ಎಲ್‌ಎಲ್‌ವಿಎಂ‌ಪೈಪ್’ ಎಂದಿದ್ದರೆ ಚಿತ್ರವನ್ನೆಲ್ಲ ಸಿಪಿಯು ಬಿಡಿಸುತ್ತಿದೆ, ಜಿಪಿಯು (ಗ್ರಾಫಿಕ್ಸ್ ಚಿಪ್) ಸುಮ್ಮನೆ ಕೂತಿದೆ. ಕಿಟಕಿ ಎಳೆದರೂ ಫ್ಯಾನ್ ಕೂಗುವುದು ಇದರಿಂದಲೇ.

ಇದಕ್ಕೆ ತುಂಬ ಸಲ ಕಾರಣ ಬೂಟ್ ಆಯ್ಕೆಗಳಲ್ಲಿರುವ ಒಂದು ಪದ: ನೋಮೋಡ್‌ಸೆಟ್. ಇನ್‌ಸ್ಟಾಲ್ ಮಾಡುವಾಗ ಕಪ್ಪು ಪರದೆ ಬಂದಿತೆಂದು ಯಾರೋ ಸೇರಿಸಿರುತ್ತಾರೆ, ತೆಗೆಯಲು ಮರೆತಿರುತ್ತಾರೆ. ಅದು ಇರುವಷ್ಟು ದಿನ ನಿಜವಾದ ಡ್ರೈವರ್ ಏಳುವುದೇ ಇಲ್ಲ. ‘/ಪ್ರಾಕ್/ಸಿಎಂಡಿಲೈನ್’ ಫೈಲನ್ನು ಓದಿದರೆ ಈಗಿನ ಬೂಟ್ ಆಯ್ಕೆಗಳು ಕಾಣುತ್ತವೆ. ಈ ಪದ ಅಲ್ಲಿದ್ದರೆ ಬೂಟ್ ಲೋಡರ್ ಗ್ರಬ್‌ನ ‘/ಇಟಿಸಿ/ಡಿಫಾಲ್ಟ್/ಗ್ರಬ್’ ಫೈಲಿನಿಂದ ತೆಗೆದು, ಡೆಬಿಯನ್ ಅಥವಾ ಉಬುಂಟು ಆದರೆ ‘ಅಪ್‌ಡೇಟ್-ಗ್ರಬ್’ ಓಡಿಸಿ ರೀಬೂಟ್ ಮಾಡಿ.

ಆ ಪದ ಇಲ್ಲದಿದ್ದರೆ ಫರ್ಮ್‌ವೇರ್ ನೋಡಿ. ‘ಜರ್ನಲ್‌ಸಿಟಿಎಲ್ -ಕೆ -ಬಿ’ ಕೊಟ್ಟು (ಇಲ್ಲಿ ಬಿ ಚಿಕ್ಕಕ್ಷರ) ‘ಫರ್ಮ್‌ವೇರ್’ ಎಂದು ಹುಡುಕಿ. ಎಎಂಡಿ ಚಿಪ್ಪಿಗೆ ಫೈಲ್ ಸಿಗದಿದ್ದರೆ ಡ್ರೈವರ್ ಅಲ್ಲಿಗೇ ಕೈಚೆಲ್ಲುತ್ತದೆ. ಇಂಟೆಲ್‌ನ ಡಿಎಂಸಿ ಫರ್ಮ್‌ವೇರ್ ಇನ್ನೂ ಮೋಸದ್ದು. ಅದಿಲ್ಲದಿದ್ದರೂ ಚಿತ್ರ ಚೆನ್ನಾಗಿಯೇ ಬರುತ್ತದೆ, ಆದರೆ ಕರ್ನಲ್ ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ನಿಲ್ಲಿಸಿಬಿಡುತ್ತದೆ. ಬ್ಯಾಟರಿ ಹಳೆಯದಾಯಿತೆಂದು ಜನ ಸುಮ್ಮನೆ ದೂರುತ್ತಾರೆ. ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಹೊಸದು ಹಾಕಿ, ಬೂಟ್ ಆರಂಭದಲ್ಲಿ ಕರ್ನಲ್ ಬಳಸುವ ಪುಟ್ಟ ಫೈಲ್ ಕಟ್ಟಾದ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ (‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’, ಫೆಡೋರಾದಲ್ಲಿ ‘ಡ್ರಾಕಟ್ -ಎಫ್’). ಈ ಎರಡನೆಯ ಹೆಜ್ಜೆ ಬಿಟ್ಟರೆ ಡಿಸ್ಕಿನಲ್ಲಿ ಫೈಲಿದ್ದರೂ ಬೂಟ್ ಹೊತ್ತಿಗೆ ಡ್ರೈವರಿನ ಕೈಗೆ ಸಿಗದೇ ಹೋಗಬಹುದು.

ಲ್ಯಾಪ್‌ಟಾಪಿನ ಸ್ವಂತ ಪರದೆ ಮಾತ್ರ ಮಿನುಗಿ, ಹೊರಗಿನ ಮಾನಿಟರ್ ಸರಿಯಿದ್ದರೆ ಪಿಎಸ್‌ಆರ್ ಮೇಲೆ ಅನುಮಾನ ಪಡಿ. ಚಿತ್ರ ಬದಲಾಗದಿರುವಾಗ ಪರದೆ ತನ್ನದೇ ಮೆಮೊರಿಯಿಂದ ತೋರಿಸಿಕೊಳ್ಳಲಿ ಎಂಬ ಉಳಿತಾಯದ ಉಪಾಯ ಅದು. ಕೆಲವು ಪ್ಯಾನಲ್‌ಗಳಿಗೆ ಒಗ್ಗುವುದಿಲ್ಲ. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಇಂಟೆಲ್ ಆದರೆ ‘ಐ915.ಎನೇಬಲ್_ಪಿಎಸ್‌ಆರ್=0’, ಎಎಂಡಿ ಆದರೆ ‘ಎಎಂಡಿಜಿಪಿಯು.ಡಿಸಿಡೀಬಗ್‌ಮಾಸ್ಕ್=0x10’ ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಬೂಟಿಗಷ್ಟೇ. ಗುಣ ಕಂಡರೆ ಮಾತ್ರ ಮೇಲೆ ಹೇಳಿದ ಗ್ರಬ್ ಫೈಲಿಗೆ ಬರೆಯಿರಿ, ಏಕೆಂದರೆ ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಒಂದು ಸಲಕ್ಕೆ ಒಂದೇ ಆಯ್ಕೆ! ಐದಾರನ್ನು ಒಟ್ಟಿಗೆ ಸುರಿದರೆ ಯಾವುದು ಮದ್ದು, ಯಾವುದು ವಿಷ ತಿಳಿಯುವುದಿಲ್ಲ.

ಎಕ್ಸ್ (ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆ) ಮೇಲೆ ಇಂಟೆಲ್ ಚಿಪ್ಪಿನಲ್ಲಿ ಚಿತ್ರ ಅಡ್ಡಡ್ಡ ಸೀಳಿದಂತೆ ಕಂಡರೆ ‘ಎಕ್ಸ್‌ಎಫ್86-ವಿಡಿಯೋ-ಇಂಟೆಲ್’ ಎಂಬ ಹಳೆಯ ಪ್ಯಾಕೇಜ್ ಇದೆಯೇ ನೋಡಿ. ಅದನ್ನು ತೆಗೆದರೆ ಎಕ್ಸ್ ತಾನಾಗಿ ಮೋಡ್‌ಸೆಟಿಂಗ್ ಡ್ರೈವರಿಗೆ ಹೋಗುತ್ತದೆ. ಹೊಸ ಚಿಪ್ಪಿಗೆ ಅದೇ ಮೇಲು. ಎಕ್ಸ್‌ನ ಜಾಗಕ್ಕೆ ಬಂದಿರುವ ವೇಲ್ಯಾಂಡ್‌ಗೆ ಈ ಪ್ಯಾಕೇಜಿನ ಗೊಡವೆಯೇ ಇಲ್ಲ.

ಎರಡು ಜಿಪಿಯು ಇರುವ ಯಂತ್ರದಲ್ಲಿ ಎಲ್ಲ ಕೆಲಸವೂ ಸಾಮಾನ್ಯವಾಗಿ ಸಣ್ಣದರ ಮೇಲೇ ಓಡುತ್ತದೆ. ದೊಡ್ಡದು ಬೇಕೆನಿಸಿದರೆ ಟರ್ಮಿನಲ್ಲಿನಲ್ಲಿ ಪ್ರೋಗ್ರಾಮಿನ ಹೆಸರಿಗೆ ಮೊದಲು ‘ಡಿಆರ್‌ಐ_ಪ್ರೈಮ್=1’ ಹಾಕಿ. ಎನ್‌ವಿಡಿಯಾ ಚಿಪ್ಪಿನಲ್ಲಿ ನೂವೋ ಬಳಸುವವರು ತಮ್ಮ ಚಿಪ್ಪಿನ ತಲೆಮಾರು ತಿಳಿದಿರಲೇಬೇಕು. ಜಿಟಿಎಕ್ಸ್ 900, 1000 ಸಾಲಿನ ಬಹುಪಾಲು ಚಿಪ್ಪುಗಳು ಸಹಿ ಮಾಡಿದ ಫರ್ಮ್‌ವೇರ್ ಇಲ್ಲದೆ ಕ್ಲಾಕ್ ಏರಿಸಲು ಬಿಡುವುದಿಲ್ಲ, ನೂವೋಗೆ ಆ ಫರ್ಮ್‌ವೇರ್ ಸಿಕ್ಕಿಲ್ಲ. ಹಾಗಾಗಿ ಬೂಟ್ ವೇಗದಲ್ಲೇ ಕುಂಟುತ್ತವೆ, ಯಾವ ಸೆಟಿಂಗಿಗೂ ಬಗ್ಗವು. ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ಅನಂತರದವುಗಳಿಗೆ ಕರ್ನಲ್ 6.7ರಿಂದ ಜಿಎಸ್‌ಪಿ ಫರ್ಮ್‌ವೇರಿನ ದಾರಿ ತೆರೆದಿದೆ. ಅವುಗಳಲ್ಲಿ ಹೊಸ ಕರ್ನಲ್ ಮತ್ತು ಮೆಸಾದ ವಲ್ಕನ್ ಡ್ರೈವರ್ ಎನ್‌ವಿಕೆ ಸೇರಿದರೆ ಪರಿಣಾಮ ಕಣ್ಣಿಗೇ ಕಾಣುತ್ತದೆ.

ವಿಡಿಯೋ ನೋಡುವಾಗ ಸಿಪಿಯು ಬಿಸಿಯಾದರೆ ‘ವಿಎಇನ್ಫೋ’ ಕೊಡಿ. ಹೆಚ್.264ರ ಎದುರು ವಿಎಲ್‌ಡಿ ಎಂದಿದ್ದರೆ ಡಿಕೋಡಿಂಗ್ ಚಿಪ್ಪಿಗೆ ಬರುತ್ತದೆ. ಇಂಟೆಲ್ ಬ್ರಾಡ್‌ವೆಲ್ ಮತ್ತು ಆಮೇಲಿನವುಗಳಿಗೆ ಐಹೆಚ್‌ಡಿ, ಅದಕ್ಕೂ ಹಿಂದಿನವುಗಳಿಗೆ ಐ965 ಡ್ರೈವರ್ ಬೇಕು. ಫೆಡೋರಾ ಪೇಟೆಂಟ್ ತಕರಾರಿಗೆ ಹೆದರಿ 2022ರಲ್ಲಿ ತನ್ನ ಮೆಸಾದಿಂದ ಹೆಚ್.264 ಬೆಂಬಲ ತೆಗೆದಿದೆ. ಎಎಂಡಿ ಬಳಸುವವರು ಫೆಡೋರಾದ ಹೊರಗಿನ ಪ್ಯಾಕೇಜ್ ಭಂಡಾರವಾದ ಆರ್‌ಪಿಎಂ ಫ್ಯೂಷನ್‌ನ ಫ್ರೀವರ್ಲ್ಡ್ ಪ್ಯಾಕೇಜ್ ಹಾಕಿಕೊಳ್ಳಬೇಕು.

ಎಲ್ಲ ಸರಿಯಿದ್ದೂ ಆಟ ನಿಧಾನವೇ? ರ‍್ಯಾಮ್ ಎಷ್ಟು ಸ್ಲಾಟಿನಲ್ಲಿದೆ ನೋಡಿ. ಒಳಗೇ ಕೂತ ಜಿಪಿಯುವಿಗೆ ಅದೇ ಮೆಮೊರಿ. ಡಿಡಿಆರ್4-3200 ಒಂದೇ ಚಾನಲ್ಲಿನಲ್ಲಿದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ, ಎರಡಾದರೆ 51.2 ಜಿಬಿ. ಈ ಕೊರತೆಯನ್ನು ಯಾವ ಡ್ರೈವರೂ ತುಂಬಲಾರದು.

ಮೆಸಾದ್ದೇ ತಪ್ಪೆನಿಸಿದರೆ ಮೊದಲು ‘ಲಿಬ್‌ಜಿಎಲ್_ಆಲ್ವೇಸ್_ಸಾಫ್ಟ್‌ವೇರ್=1’ ಹಾಕಿ ಅದೇ ಓಪನ್‌ಜಿಎಲ್ ಅಪ್ಲಿಕೇಶನ್ ಓಡಿಸಿ. ನಿಧಾನವಾದರೂ ಚಿತ್ರ ಸರಿಬಂದರೆ ದೋಷ ಬಹುಪಾಲು ನಿಮ್ಮ ಚಿಪ್ಪಿನ ಡ್ರೈವರಿನಲ್ಲಿದೆ. ಹೊಸ ಮೆಸಾವನ್ನು ಮೆಸನ್ ಎಂಬ ಬಿಲ್ಡ್ ಸಾಧನದಿಂದ ಮನೆ ಫೋಲ್ಡರಿನಲ್ಲೇ ಕಟ್ಟಿ ‘ಮೆಸನ್ ಡೆವ್‌ಎನ್ವ್’ ಮೂಲಕ ಪರೀಕ್ಷಿಸಬಹುದು, ಸಿಸ್ಟಮ್ ಫೈಲ್ ಮುಟ್ಟಬೇಕಿಲ್ಲ. ಫ್ಲಾಟ್‌ಪ್ಯಾಕ್ ಅಪ್ಲಿಕೇಶನ್‌ಗಳು ತಮ್ಮದೇ ಮೆಸಾ ಹೊತ್ತು ತರುತ್ತವೆ ಎಂಬುದು ನೆನಪಿರಲಿ.

ಹೊಸದರಲ್ಲೂ ದೋಷ ಉಳಿದಿದ್ದರೆ ಫ್ರೀಡೆಸ್ಕ್‌ಟಾಪ್ ಗಿಟ್‌ಲ್ಯಾಬಿನಲ್ಲಿ ವರದಿ ಮಾಡಿ. ಕರ್ನಲ್, ಮೆಸಾ ಆವೃತ್ತಿ, ಪೂರ್ತಿ ಲಾಗ್ ಕೊಡಿ. ಯಂತ್ರ ಹೆಪ್ಪುಗಟ್ಟಿತ್ತಾದರೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಹಿಂದಿನ ಬೂಟಿನ ಲಾಗ್ ತೋರಿಸುತ್ತದೆ. ಚಿತ್ರದ ದೋಷಕ್ಕೆ ಎಪಿಐಟ್ರೇಸ್ ಫೈಲ್ (ಅಪ್ಲಿಕೇಶನ್ ಕೊಟ್ಟ ಚಿತ್ರ ಬಿಡಿಸುವ ಆದೇಶಗಳ ದಾಖಲೆ) ಇದ್ದರೆ ಡೆವಲಪರ್ ತನ್ನ ಮೇಜಿನ ಮೇಲೇ ಅದನ್ನು ಮತ್ತೆ ಓಡಿಸಿ ನೋಡಬಹುದು. ಹಳೆಯ ಆವೃತ್ತಿಯಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟಿದ್ದರಂತೂ ‘ಗಿಟ್ ಬೈಸೆಕ್ಟ್’ ಮಾಡಿ: ಸರಿಯಿದ್ದ, ಕೆಟ್ಟ ಎರಡು ತುದಿ ಕೊಟ್ಟರೆ ಅದು ಪ್ರತಿ ಸಲ ಅರ್ಧಕ್ಕರ್ಧ ಕತ್ತರಿಸುತ್ತ ಹೋಗುತ್ತದೆ. 1000 ಕಮಿಟ್ (ಕೋಡಿನಲ್ಲಿ ಮಾಡಿದ ಒಂದೊಂದು ಬದಲಾವಣೆ) ಇದ್ದರೆ ಸುಮಾರು 10 ಸಲ ಕಟ್ಟಿ ನೋಡುವಷ್ಟರಲ್ಲಿ ತಪ್ಪಿತಸ್ಥ ಕಮಿಟ್ ಸಿಗುತ್ತದೆ.