ಗ್ರಂಥಾಲಯ ಮುಚ್ಚದೆ ಕಟ್ಟಡ ದುರಸ್ತಿ: ನಾವು ನಡೆಸಿದ ರೀತಿ

ಕಟ್ಟಡದ ದೊಡ್ಡ ದುರಸ್ತಿ ಎಂದ ಕೂಡಲೇ "ಅಲ್ಲಿತನಕ ಬೀಗ ಹಾಕಿಬಿಡಿ" ಎನ್ನುವವರೇ ಹೆಚ್ಚು. ಬೆಳಗಾವಿಯ ನಮ್ಮ ವಿಶ್ವವಿದ್ಯಾಲಯದಲ್ಲಿ ಅದು ಆಗುವ ಮಾತಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿಯುವಷ್ಟರಲ್ಲಿ ನೆಟ್, ಕೆ-ಸೆಟ್, ಕೆಪಿಎಸ್‌ಸಿಗೆ ಓದುವವರು ಬಂದು ಕೂತಿರುತ್ತಾರೆ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಎರಡು ಮಾತು ಬರೆದಿಟ್ಟುಕೊಂಡೆವು. ಕೇಳಿದ ಪುಸ್ತಕ ಎಲ್ಲೇ ಇದ್ದರೂ ಮರುದಿನ ಬೆಳಿಗ್ಗೆ 11ಕ್ಕೆ ಕೌಂಟರಿನಲ್ಲಿರಬೇಕು. ಓದಲು ಕೂರುವ ಕುರ್ಚಿಗಳು ಅರ್ಧಕ್ಕಿಂತ ಕಡಿಮೆಯಾಗಬಾರದು. ಹಳೆಯ ನಿಯತಕಾಲಿಕಗಳ ಬೈಂಡ್ ಸಂಪುಟ, ಹೊಸ ಪುಸ್ತಕಗಳ ಪ್ರದರ್ಶನ, ಇಂಥವು ನಿಂತರೆ ನಿಲ್ಲಲಿ. "ಕೆಲಸ ನಡದದರಿ, ಆಮ್ಯಾಲೆ ಬರ್ರಿ" ಎಂಬ ಉತ್ತರವನ್ನು ಮಾತ್ರ ಕೌಂಟರಿನಲ್ಲಿ ಯಾರೂ ಕೊಡಕೂಡದು.

ವೇಳಾಪಟ್ಟಿ ಹಾಕಿದ್ದು ಮಿರಗದ ಮಳೆಯನ್ನು ನೋಡಿಕೊಂಡು. ಮೃಗಶಿರಾ ಕೂಡುವುದು ಜೂನ್ 7–8ಕ್ಕೆ. ಅದಕ್ಕೂ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿನ ಅಡ್ಡ ಮಳೆ ಇಲ್ಲಿ ತಪ್ಪುವುದಿಲ್ಲ. ಆದ್ದರಿಂದ ಮಾಳಿಗೆಯ ಕೆಲಸ ಮಾರ್ಚ್ ಕೊನೆಗೇ ಮುಗಿಯಬೇಕೆಂದು ಟೆಂಡರಿನಲ್ಲಿ ಬರೆಸಬೇಕು. ಹಳೆಯ ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಗಾರೆಯ ಹಾಸು) ಕಿತ್ತು ಹೊಸ ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ಮಾಳಿಗೆಯಲ್ಲಿ 48ರಿಂದ 72 ತಾಸು ನೀರು ಕಟ್ಟಿ ನೋಡುತ್ತಾರೆ. ಸೋರುವ ಜಾಗ ಗೊತ್ತಾಗುವುದೇ ಆಗ. ಆ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಒಂದೂ ಪುಸ್ತಕ ಇರಬಾರದು. ತಾಡಪತ್ರಿ ಹೊದಿಸಿದರೆ ಸಾಕೆಂದು ಗುತ್ತಿಗೆದಾರರು ಹೇಳುತ್ತಾರೆ, ಒಪ್ಪಬೇಡಿ. ಸೋರಿಕೆ ಬಿರುಕಿನ ನೇರಕ್ಕೇ ಇಳಿಯುವುದಿಲ್ಲ. ಸ್ಲ್ಯಾಬಿನೊಳಗಿನ ವೈರಿಂಗ್ ಪೈಪು ಹಿಡಿದು ಹೋಗಿ, ಎಷ್ಟೋ ಅಡಿ ಆಚೆ ಫ್ಯಾನಿನ ಕೊಕ್ಕೆಯಿಂದ ತೊಟ್ಟಿಕ್ಕುತ್ತದೆ. ಹೊಸ ಗಿಲಾವಿಗೆ ವಾರಗಟ್ಟಲೆ ಹೊಡೆಯುವ ನೀರೂ ಹೀಗೆಯೇ ಕೆಳಗಿನ ಮಹಡಿಗೆ ದಾರಿ ಹುಡುಕುತ್ತದೆ. ಹಾಗಾಗಿ ಕೆಲಸ ಯಾವಾಗಲೂ ಮೇಲಿನ ಮಹಡಿಯಿಂದ ಕೆಳಕ್ಕೆ ಬರಬೇಕು, ನಡೆಯುತ್ತಿರುವ ಮಹಡಿಯ ಕೆಳಗಿನದೂ ಖಾಲಿ ಇರಬೇಕು.

ಖಾಲಿ ಮಾಡಿದ್ದನ್ನು ಎಲ್ಲಿಡುವುದು? ಎಲ್ಲರ ಕಣ್ಣು ಹೋಗುವುದು ಪಕ್ಕದ ವಿಭಾಗದ ತರಗತಿ ಕೋಣೆಗಳ ಮೇಲೆ. ಇಲ್ಲಿ ಲೆಕ್ಕ ಹಾಕಲೇಬೇಕು. ಭಾರತೀಯ ಮಾನಕ ಐಎಸ್ 875 ಎರಡನೇ ಭಾಗದಂತೆ ತರಗತಿಯ ನೆಲ ಪ್ರತಿ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರಕ್ಕೆ ಕಟ್ಟಿದ್ದು. ಪುಸ್ತಕದ ದಾಸ್ತಾನು ಕೋಣೆಗೆ 2.2 ಮೀಟರ್ ಎತ್ತರದವರೆಗೆ ಅದರ ಎರಡರಷ್ಟು, 6 ಕಿಲೋನ್ಯೂಟನ್ ಬೇಕು. ಎರಡು ಮುಖದ, ಆರು ಅಂತಸ್ತಿನ ಸ್ಟೀಲ್ ರ‍್ಯಾಕನ್ನು ತೆಗೆದುಕೊಳ್ಳಿ. 90 ಸೆಂ.ಮೀ. ಉದ್ದದ 12 ಹಲಗೆಗಳು, ಒಟ್ಟು 10.8 ಮೀಟರ್. ಮೀಟರಿಗೆ ಸರಾಸರಿ 30 ಕಿಲೋ ಹಿಡಿದರೆ ಪುಸ್ತಕವೇ ಸುಮಾರು 325 ಕಿಲೋ, ರ‍್ಯಾಕಿನ ತೂಕ ಬೇರೆ. ನಡೆದಾಡುವ ಜಾಗ ಸೇರಿಸಿ ಒಂದು ರ‍್ಯಾಕ್ ಹಿಡಿಯುವುದು ಸುಮಾರು 1.25 ಚದರ ಮೀಟರ್. ಅಲ್ಲಿಗೆ ಚದರ ಮೀಟರಿಗೆ ಪುಸ್ತಕವೇ ಸುಮಾರು 260 ಕಿಲೋ ಆಯಿತು, ರ‍್ಯಾಕಿನ ತೂಕ ಸೇರಿದರೆ 300 ಕಿಲೋದ ಮಿತಿಗೇ ಬಂದು ನಿಲ್ಲುತ್ತದೆ. ಕಾನೂನು, ಎಂಜಿನಿಯರಿಂಗ್ ಪುಸ್ತಕಗಳಾದರೆ ಮೀಟರಿಗೆ 35–40 ಕಿಲೋ ತೂಗುತ್ತವೆ, ಪುಸ್ತಕದ ಭಾರವೇ ಮಿತಿ ದಾಟುತ್ತದೆ. ಆದ್ದರಿಂದ ರ‍್ಯಾಕುಗಳೆಲ್ಲ ನೆಲಮಹಡಿಗೇ ಹೋಗಬೇಕು. ಮೇಲಿನ ಮಹಡಿಯೇ ಗತಿ ಎಂದಾದರೆ ಪ್ರತಿ ರ‍್ಯಾಕಿನ ಮೇಲಿನ ಎರಡು ಅಂತಸ್ತು ಖಾಲಿ ಬಿಡಬೇಕು, ರಚನಾ ಎಂಜಿನಿಯರರ ಸಹಿ ಕಡತದಲ್ಲಿರಬೇಕು. ಕ್ರೇಟುಗಳನ್ನು ಆಳೆತ್ತರ ಪೇರಿಸುವುದು ರ‍್ಯಾಕಿಗಿಂತ ಅಪಾಯ, ನಡುವೆ ಖಾಲಿ ಜಾಗವೇ ಇರುವುದಿಲ್ಲವಲ್ಲ.

ಎಲ್ಲ ಪುಸ್ತಕಗಳೂ ಕೈಗೆ ಸಿಗುವಂತಿರಬೇಕಿಲ್ಲ. ಕಳೆದ ಮೂರು ವರ್ಷದ ವಿತರಣೆ ವರದಿ ತೆಗೆದು, ಎರಡು ಸಲಕ್ಕಿಂತ ಹೆಚ್ಚು ಹೊರಹೋದ ಶೀರ್ಷಿಕೆಗಳನ್ನು ಬೇರೆ ಮಾಡಿದೆವು. ಈ ವರದಿಯಲ್ಲಿ ಒಂದು ಕೊರತೆ ಇದೆ: ಒಳಗೇ ಕೂತು ಓದಿ ಮೇಜಿನ ಮೇಲೆ ಬಿಟ್ಟುಹೋಗುವ ಆಕರ ಗ್ರಂಥಗಳು ಇದಕ್ಕೆ ಸಿಗುವುದಿಲ್ಲ. ಅದಕ್ಕಾಗಿ ಕೆಲಸಕ್ಕೆ ಮುಂಚಿನ ಕೆಲವು ವಾರ, ಸಂಜೆ ಮೇಜಿನಿಂದ ಎತ್ತುವ ಪ್ರತಿ ಪುಸ್ತಕವನ್ನೂ ಸ್ಕ್ಯಾನ್ ಮಾಡಿಸಬೇಕು. ಬೆಳಗಾವಿಯಲ್ಲಿ ಡ್ಯೂಯಿ ವರ್ಗೀಕರಣದ 894.814ರ ಕನ್ನಡ ಸಾಹಿತ್ಯದ ಜೊತೆಗೆ 891.46ರ ಮರಾಠಿಯನ್ನೂ ಕೈಗೆಟಕುವಲ್ಲೇ ಇಡಬೇಕು. ಎರಡಕ್ಕೂ ಓದುಗರಿದ್ದಾರೆ, ಒಂದನ್ನು ಮಾತ್ರ ಕಟ್ಟಿಟ್ಟರೆ ಬೇಡದ ಮಾತು ಹುಟ್ಟುತ್ತದೆ.

ಇನ್ನೊಂದು ಸುಲಭದ ದಾರಿ, ಪುಸ್ತಕಗಳನ್ನು ಓದುಗರ ಮನೆಗೇ ಕಳಿಸಿಬಿಡುವುದು. ಅಧ್ಯಾಪಕರಿಗೂ ಸಂಶೋಧನಾ ವಿದ್ಯಾರ್ಥಿಗಳಿಗೂ ಎರವಲಿನ ಮಿತಿ ಹೆಚ್ಚಿಸಿ, ಹಿಂತಿರುಗಿಸುವ ದಿನಾಂಕವನ್ನು ಕೆಲಸ ಮುಗಿಯುವ ಆಚೆಗೆ ಹಾಕಿದರೆ, ಅಷ್ಟು ಪುಸ್ತಕಗಳಿಗೆ ಕ್ರೇಟೂ ಬೇಡ, ಹಮಾಲಿಯೂ ಬೇಡ.

ಕ್ರೇಟಿನ ವಿಷಯಕ್ಕೆ ಬಂದರೆ, ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ತರಕಾರಿ ಕ್ರೇಟು ದೊಡ್ಡದಾಯಿತು. ಎರಡು ಸಾಲು ಪುಸ್ತಕ ಹಿಡಿಯುತ್ತದೆ, ತುಂಬಿದರೆ 30 ಕಿಲೋ ದಾಟುತ್ತದೆ, ಎತ್ತುವವರ ಸೊಂಟ ಹಿಡಿಯುತ್ತದೆ ಅಥವಾ ಮೆಟ್ಟಿಲ ಮೇಲೆ ಕೈ ಜಾರುತ್ತದೆ. ಒಳಗೆ ಸುಮಾರು 50 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಇರುವಂಥದ್ದು ಸರಿ: ಬೆನ್ನು ಕೆಳಗೆ ಮಾಡಿ ಒಂದೇ ಸಾಲು, 18–20 ಪುಸ್ತಕ, 15 ಕಿಲೋ. ಹಳೆಯ ಕ್ರೇಟಾದರೆ ತೊಳೆದು ಬಿಸಿಲಿಗಿಟ್ಟು ಒಣಗಿಸಬೇಕು, ಇಲ್ಲದಿದ್ದರೆ ಜಿರಲೆ ಜೊತೆಗೇ ಬರುತ್ತದೆ. ಬೈಂಡ್ ಸಂಪುಟಗಳನ್ನು ಸುತಳಿಯಿಂದ ಬಿಗಿದರೆ ರಟ್ಟಿನ ಅಂಚು ಕತ್ತರಿಸುತ್ತದೆ, ಅಗಲದ ಹತ್ತಿ ಪಟ್ಟಿ ಬಳಸಬೇಕು. ರ‍್ಯಾಕಿನ ಎಡ ತುದಿಯಿಂದಲೇ ತುಂಬುತ್ತಾ ಬರಬೇಕು. ಕ್ರೇಟಿನ ಸಂಖ್ಯೆಯನ್ನು ಎರಡು ಬದಿಗೆ ಬರೆಯಬೇಕು, ಮುಚ್ಚಳದ ಮೇಲಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ಸಾಗಣೆಯ ದರವನ್ನು ಟೆಂಡರಿನಲ್ಲಿ "ಪುಸ್ತಕ ಸ್ಥಳಾಂತರ, ಮೊತ್ತ ಒಟ್ಟಾಗಿ" ಎಂದು ಬರೆಯದೆ ಹಲಗೆಯ ಮೀಟರ್ ಲೆಕ್ಕದಲ್ಲಿ ಕೇಳಿ. ಒಟ್ಟು ಮೊತ್ತಕ್ಕೆ ಒಪ್ಪಿಕೊಂಡವರು ಅವಸರ ಮಾಡುತ್ತಾರೆ, ಕ್ರಮ ಕೆಡುತ್ತದೆ.

ಮರುದಿನ 11ರ ಮಾತು ಉಳಿಯುವುದೋ ಬಿಡುವುದೋ ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶದಲ್ಲಿ ತೀರ್ಮಾನವಾಗುತ್ತದೆ. ಕ್ರೇಟು ತುಂಬುವಾಗಲೇ ಪ್ರತಿ ಪುಸ್ತಕದ ಬಾರ್‌ಕೋಡ್ ಒಂದು ಪಠ್ಯ ಕಡತಕ್ಕೆ ಸ್ಕ್ಯಾನ್ ಆಗಬೇಕು, ಕಡತದ ಹೆಸರೇ ಕ್ರೇಟಿನ ಸಂಖ್ಯೆ. ಸಂಜೆ ಆ ಕಡತಗಳನ್ನು ಒಂದೊಂದಾಗಿ ಐಟಂಗಳ ಸಾಮೂಹಿಕ ತಿದ್ದುಪಡಿ ಸಾಧನಕ್ಕೆ ಕೊಟ್ಟು, ಸ್ಥಳದ ಸಂಕೇತ ಬದಲಿಸಿ, ಸಿಬ್ಬಂದಿಗೆ ಮಾತ್ರ ಕಾಣುವ ಟಿಪ್ಪಣಿಯಲ್ಲಿ ಕ್ರೇಟು ಸಂಖ್ಯೆ ಹಾಕಬೇಕು. ಇಲ್ಲಿ ಗಮನಿಸಬೇಕಾದ್ದು ಎರವಲಿಗಿಲ್ಲ ಎಂಬ ಸ್ಥಿತಿಯ ಮೌಲ್ಯ. ಅದು 1, 2 ಎಂಬ ಧನ ಸಂಖ್ಯೆಯಾದರೆ ಓದುಗರು ಆ ಪುಸ್ತಕವನ್ನು ಕಾಯ್ದಿರಿಸಲು ಕೋಹಾ ಬಿಡುವುದಿಲ್ಲ. ಋಣ ಸಂಖ್ಯೆ ಕೊಟ್ಟರೆ ಬಿಡುತ್ತದೆ. ಹಾಗಾಗಿ "ದಾಸ್ತಾನಿನಲ್ಲಿದೆ, ಮರುದಿನ ಸಿಗುತ್ತದೆ" ಎಂಬ ಹೊಸ ಸ್ಥಿತಿಗೆ ಋಣ ಸಂಖ್ಯೆಯನ್ನೇ ಕೊಡಬೇಕು. ಸಂಜೆ 4ಕ್ಕೆ ಬೇಡಿಕೆಗಳ ಪಟ್ಟಿಯನ್ನು ಕ್ರೇಟು ಸಂಖ್ಯೆಯ ಪ್ರಕಾರ ಜೋಡಿಸಿ ಮುದ್ರಿಸಿದರೆ, ತರುವವರು ಒಂದೇ ಸುತ್ತಿನಲ್ಲಿ ಮುಗಿಸುತ್ತಾರೆ. ಪುಸ್ತಕ ತೆಗೆದ ಜಾಗದಲ್ಲಿ ಕೆಂಪು ರಟ್ಟಿನ ಚೀಟಿ ಬಿಡಬೇಕು.

ಇನ್ನು ಧೂಳು. ಫರಸಿ ಕಿತ್ತಾಗ, ಟೈಲ್ಸ್ ಕೊಯ್ದಾಗ ಏಳುವ ಸಿಮೆಂಟಿನ ಧೂಳು ಕ್ಷಾರದ್ದು, ಬಟ್ಟೆಯಿಂದ ಒರೆಸಿದರೆ ಪುಟದ ಅಂಚಿಗೆ ಉಜ್ಜಿದಂತಾಗುತ್ತದೆ. ಸಣ್ಣ ಬ್ರಷ್ ಮೂತಿ, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮೇ ಬೇಕು. ಕೆಲಸದ ಬದಿಗೂ ಓದುವ ಬದಿಗೂ ನಡುವೆ ಪ್ಲೈವುಡ್ ಗೋಡೆ, ಅದರ ಮೇಲೆ ದಪ್ಪ ಪಾಲಿಥೀನ್, ಕೆಳಗಿನ ಸಂದಿಗೆ ಒದ್ದೆ ಗೋಣಿತಟ್ಟು. ಕೆಲಸದ ಕಡೆ ಹೊರಗೆ ಗಾಳಿ ತಳ್ಳುವ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಧೂಳು ಈಚೆ ಬರುವುದು ಬಹಳ ತಗ್ಗುತ್ತದೆ. ಟೈಲ್ಸ್ ನೀರು ಹಾಕಿಯೇ ಕೊಯ್ಯಬೇಕು, ಹೊರಾಂಗಣದಲ್ಲಿ. ಬ್ರೇಕರ್ ಹೊಡೆಯುವುದು ಬೆಳಿಗ್ಗೆ 7ರಿಂದ 10ರವರೆಗೆ ಮಾತ್ರ ಎಂದು ಗೌಂಡಿಗಳ ಮುಕಾದಮನ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ವೆಲ್ಡಿಂಗ್ ಇದ್ದ ದಿನ ಅಗ್ನಿಶಾಮಕ ಸಿಲಿಂಡರ್ ಹಿಡಿದ ಒಬ್ಬ, ಕೆಲಸ ನಿಂತು ಕನಿಷ್ಠ ಒಂದು ತಾಸಾದರೂ ಅಲ್ಲೇ ಇರಬೇಕು.

ರ‍್ಯಾಕುಗಳಿಗೆ ಪಾಲಿಥೀನ್ ಸುತ್ತಿ ಅಂಟಿಸುವುದು ಬೇಸಿಗೆಯಲ್ಲಿ ನಡೆದೀತು, ಬೆಳಗಾವಿಯ ಜುಲೈನಲ್ಲಿ ನಡೆಯದು. ಒಳಗಿನ ತೇವಾಂಶ 65 ಶೇಕಡಾ ಮೀರಿ ನಿಂತರೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದಿದ್ದರೆ ಇನ್ನೂ ಬೇಗ. ಮೇಲಕ್ಕೆ ಮಾತ್ರ ಪ್ಲಾಸ್ಟಿಕ್, ಬದಿಗಳಿಗೆ ಹಳೆ ಹತ್ತಿ ಪರದೆ ಸಾಕು. ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರನ್ನು ಕೋಣೆಗೊಂದರಂತೆ ಕೆಳಗಿನ ಹಲಗೆಯಲ್ಲಿಟ್ಟು ದಿನವೂ ಬರೆದಿಡಿ.

ಓದುವ ಕೋಣೆಯನ್ನು ತಾತ್ಕಾಲಿಕ ಜಾಗಕ್ಕೆ ಸ್ಥಳಾಂತರಿಸುವಾಗ ಜನ ಕುರ್ಚಿಗಿಂತ ಮೊದಲು ಕೇಳುವುದು ಪ್ಲಗ್ ಪಾಯಿಂಟು, ಕುಡಿಯುವ ನೀರು, ಶೌಚಾಲಯ. ಜಾಲದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ವಿದ್ಯುನ್ಮಾನ ಪತ್ರಿಕೆಗಳು ತೆರೆಯುವುದು ಕ್ಯಾಂಪಸ್ಸಿನ ನೋಂದಾಯಿತ ಐಪಿ ವಿಳಾಸ ನೋಡಿ. ತಾತ್ಕಾಲಿಕ ಕೋಣೆಗೆ ಬೇರೆ ಬ್ರಾಡ್‌ಬ್ಯಾಂಡ್ ಎಳೆದರೆ ಅಂತರ್ಜಾಲ ಓಡುತ್ತದೆ, ಪತ್ರಿಕೆ ತೆರೆಯುವುದಿಲ್ಲ. ಕ್ಯಾಂಪಸ್ಸಿನ ಫೈಬರನ್ನೇ ಅಲ್ಲಿಗೆ ಎಳೆಸಬೇಕು. ಮನೆಯಿಂದ ಓದುವವರಿಗೆ, ಕ್ಯಾಂಪಸ್ಸಿನ ಹೊರಗಿನಿಂದಲೂ ಪತ್ರಿಕೆ ತೆರೆಯಲು ಬಿಡುವ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಖಾತೆಗಳನ್ನು ಮೊದಲೇ ಮಾಡಿಸಿಕೊಡಬೇಕು.

ಹೊಸ ಗಿಲಾವಿನ ಕೋಣೆಗೆ ಪುಸ್ತಕ ಮರಳಿ ತರಲು ಬಣ್ಣ ಒಣಗಿದರೆ ಸಾಲದು. ಗೋಡೆಯ ಮೇಲೆ ಒಂದೂವರೆ ಅಡಿ ಚೌಕದ ಪಾಲಿಥೀನನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಬದಿಗೆ ಹನಿ ಕಂಡರೆ ಗೋಡೆ ಇನ್ನೂ ಹಸಿ. ಗೆದ್ದಲಿನ ಔಷಧಿ ರ‍್ಯಾಕು ಕೂರಿಸುವ ಮೊದಲೇ ಆಗಬೇಕು, ಆಮೇಲೆ ನೆಲ ಕೊರೆಯಲು ಜಾಗವಿರುವುದಿಲ್ಲ. ರ‍್ಯಾಕು ಗೋಡೆಯಿಂದ 15 ಸೆಂ.ಮೀ. ದೂರ, ಕೆಳಗಿನ ಹಲಗೆ ನೆಲದಿಂದ ಅಷ್ಟೇ ಮೇಲೆ. ಪ್ರತಿ ಹಲಗೆಯನ್ನು ಮುಕ್ಕಾಲು ಭಾಗ ಮಾತ್ರ ತುಂಬುವಂತೆ ಮೊದಲೇ ಅಳತೆ ಹಾಕಿ ಚೀಟಿ ಅಂಟಿಸಿದರೆ ಹಮಾಲರು ಕೇಳದೆಯೇ ಇಡುತ್ತಾರೆ.

ಮರಳಿ ಇಡುವಾಗಲೇ ದಾಸ್ತಾನು ಪರಿಶೀಲನೆಯೂ ಮುಗಿಯಬೇಕು, ಹೇಗೂ ಪ್ರತಿ ಬಾರ್‌ಕೋಡ್ ಇನ್ನೊಮ್ಮೆ ಸ್ಕ್ಯಾನ್ ಆಗುತ್ತದಲ್ಲ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017, ವರ್ಷಕ್ಕೆ ಎರವಲು ಹೋದ ಅಥವಾ ನೋಡಲ್ಪಟ್ಟ ಪ್ರತಿ 1,000 ಸಂಪುಟಕ್ಕೆ 5 ಕಳೆದರೆ, ಅದಕ್ಕೆ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಸಹಜವೆಂದು ಒಪ್ಪುತ್ತದೆ. 1,000 ರೂಪಾಯಿ ಮೀರಿದ ಪುಸ್ತಕ ಮತ್ತು ಅಪರೂಪದ ಗ್ರಂಥ ಕಾಣೆಯಾದರೆ ವಿಚಾರಣೆ ಆಗಲೇಬೇಕು. ಲೆಕ್ಕ ಪರಿಶೋಧಕರು ಬಂದಾಗ ತೋರಿಸಲು ಕ್ರೇಟುವಾರು ಕಡತಗಳನ್ನು ಅಳಿಸದೆ ಇಟ್ಟುಕೊಳ್ಳಿ.