ಬಾಯಿಪಾಠ ವಚನ ಮುಗಿದ ಮೇಲೆ: ದೊಡ್ಡ ಮಕ್ಕಳ ಜೊತೆ ಬೈಬಲ್ ಓದಿದ ಅನುಭವ

ಹತ್ತು ಹನ್ನೆರಡು ವರ್ಷದ ತನಕ ಮಕ್ಕಳಿಗೆ ಬೈಬಲ್ ಕಲಿಸುವ ಏರ್ಪಾಡು ನಮ್ಮ ಸಭೆಗಳಲ್ಲಿ ಚೆನ್ನಾಗಿಯೇ ಇದೆ. ಸಂಡೇ ಸ್ಕೂಲ್ ಇದೆ, ಬೇಸಿಗೆ ರಜೆಯಲ್ಲಿ ವಿಬಿಎಸ್ ಎನ್ನುವ ಬೈಬಲ್ ಶಿಬಿರ ಇದೆ, ಬಾಯಿಪಾಠ ವಚನದ ಸ್ಪರ್ಧೆ ಇದೆ, ಬಹುಮಾನವೂ ಇದೆ. 23ನೇ ಕೀರ್ತನೆ ಬಾರದ ಮಗು ಸಿಗುವುದೇ ಕಷ್ಟ. ಆಮೇಲೆ ಹೈಸ್ಕೂಲು, ಟ್ಯೂಷನ್, ಮೊಬೈಲ್. ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣದ ತರಗತಿಗೆ ಅಂತ ಒಮ್ಮೆ ಪುಸ್ತಕ ಕಪಾಟಿನಿಂದ ಹೊರಗೆ ಬರುತ್ತದೆ. ಅದು ಮುಗಿದ ಮೇಲೆ ಮತ್ತೆ ಕಪಾಟಿಗೆ.

ನಮ್ಮದು ಮಂಗಳೂರಿನ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್‌ನವರ ಕಾಲದಿಂದ ನಡೆದುಬಂದ ಸಭೆ. ಸಂಜೆ ಕುಟುಂಬ ಪ್ರಾರ್ಥನೆ ಅಂದರೆ ಒಂದು ಗೀತೆ, ಒಂದು ಅಧ್ಯಾಯ, ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ನಾನು ಬೆಳೆದದ್ದೇ ಹಾಗೆ. ಆ ಕ್ರಮವನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಮಗಳು ಪಿಯುಸಿಗೆ, ಮಗ ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಇಬ್ಬರ ತಲೆಯಲ್ಲೂ ಪ್ರಶ್ನೆಗಳು ತುಂಬಿದ್ದವು. ಇಪ್ಪತ್ತು ನಿಮಿಷದ ಸಂಜೆ ಪ್ರಾರ್ಥನೆಯಲ್ಲಿ ಪ್ರಶ್ನೆ ಕೇಳುವುದಕ್ಕೆ ಜಾಗ ಎಲ್ಲಿ? ನಾನು ಮಾಡಿದ್ದು ಆ ಜಾಗ ಹುಡುಕಿದ್ದು, ಅಷ್ಟೇ.

ಸಿಕ್ಕಿದ್ದು ಭಾನುವಾರ ಮಧ್ಯಾಹ್ನ. ಆರಾಧನೆ ಮುಗಿಸಿ ಬಂದು, ಊಟ ಆಗಿ, ಇನ್ನೂ ಯಾರೂ ಮಲಗಿರದ ಹೊತ್ತು. ಕೋಳಿ ಸಾರಿನ ಪಾತ್ರೆ ತೊಳೆಯುವುದು ಆಮೇಲೆ. ಮುಕ್ಕಾಲು ಗಂಟೆ, ಒಂದೇ ಪುಸ್ತಕ, ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದಕ್ಕೆ. ಮಕ್ಕಳದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ಬೈಬಲನ್ನು ತಡವರಿಸಿ ಓದುತ್ತಾರೆ. ಅದಕ್ಕೆ ನಾನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತೇನೆ, ಅವರು ತಮ್ಮ ಇಂಗ್ಲಿಷ್ ಬೈಬಲಿನಲ್ಲಿ ಕಣ್ಣಾಡಿಸುತ್ತಾರೆ. ಓದುವುದು ಇಂಗ್ಲಿಷಾದರೂ ಕಿವಿಗೆ ಕನ್ನಡ ಬೀಳುತ್ತಿರಬೇಕು. ನಮ್ಮ ಆರಾಧನೆ ಇರುವುದು ಕನ್ನಡದಲ್ಲಿ, ಅಲ್ವಾ?

ಶುರು ಮಾಡಿದ್ದು ಮಾರ್ಕನಿಂದ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು ಅದು, 16 ಅಧ್ಯಾಯ. ಗಟ್ಟಿಯಾಗಿ ಓದಿದರೆ ಹೆಚ್ಚು ಕಡಿಮೆ ಒಂದೂವರೆ ಗಂಟೆ. ಜೋರು ಮಳೆ ಅಂತ ಡಿಸಿ ರಜೆ ಕೊಟ್ಟ ಒಂದು ದಿನ ಕರೆಂಟೂ ಇರಲಿಲ್ಲ, ನೆಟ್ಟೂ ಇರಲಿಲ್ಲ. ಒಂದೇ ಸಲಕ್ಕೆ ಇಡೀ ಮಾರ್ಕ ಓದಿಬಿಡೋಣ ಅಂದೆ. ಸಂಡೇ ಸ್ಕೂಲಿನಲ್ಲಿ ಇದೇ ಕಥೆಗಳನ್ನು ಬಿಡಿಬಿಡಿಯಾಗಿ ಕೇಳಿದ್ದ ಮಕ್ಕಳಿಗೆ ಇಡೀ ಕಥೆ ಹೇಗೆ ಓಡುತ್ತದೆ ಅಂತ ಗೊತ್ತಾಗಿದ್ದು ಅವತ್ತೇ. ಶಿಷ್ಯರಿಗೆ ಪದೇ ಪದೇ ಏನೂ ಅರ್ಥವಾಗುವುದಿಲ್ಲ ಎನ್ನುವುದನ್ನು ಹಿಡಿದದ್ದು ಮಗಳು. 14ನೇ ಅಧ್ಯಾಯದಲ್ಲಿ ಯೇಸುವನ್ನು ಹಿಡಿಯುವಾಗ ಒಬ್ಬ ಯುವಕ ಮೈಮೇಲಿದ್ದ ಬಟ್ಟೆ ಬಿಟ್ಟು ಬೆತ್ತಲೆ ಓಡಿಹೋಗುತ್ತಾನೆ. ಮಗ ಅಲ್ಲೇ ತಡೆದ. "ಅಮ್ಮ, ಇದೆಂತ ಇದು? ನಿಜವಾಗ್ಲೂ ಬೈಬಲಿನಲ್ಲಿ ಇದೆಯಾ?" ಇದೆ. ಯಾರು ಆ ಹುಡುಗ? ಮಾರ್ಕ ಹೇಳುವುದಿಲ್ಲ. ಸ್ವತಃ ಮಾರ್ಕನೇ ಇರಬಹುದು ಅಂತ ಕೆಲವರ ಊಹೆ. ಆ ಎರಡು ವಚನದಿಂದ ಮಗನಿಗೆ ಹುಟ್ಟಿದ ಕುತೂಹಲ ಎಷ್ಟೋ ಬಹುಮಾನಗಳಿಂದ ಹುಟ್ಟಿರಲಿಲ್ಲ. ಆಮೇಲೆ ಅವನಿಗೆ ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯ ತೋರಿಸಿದೆ. ಪೌಲ ನಡುರಾತ್ರಿ ತನಕ ಮಾತಾಡುತ್ತಾನೆ, ಕಿಟಕಿಯಲ್ಲಿ ಕೂತಿದ್ದ ಯೂತಿಖ ಎನ್ನುವ ಹುಡುಗ ನಿದ್ದೆ ತೂಗಿ ಮೂರನೇ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಪುಣ್ಯಕ್ಕೆ ಬದುಕುತ್ತಾನೆ. ಚರ್ಚಿನಲ್ಲಿ ಪಾಲಕರ ಪ್ರಸಂಗ ಉದ್ದವಾದಾಗೆಲ್ಲ ಮಗ ಈಗ ನನ್ನ ಕಡೆ ತಿರುಗಿ "ಯೂತಿಖ" ಅಂತ ಪಿಸುಗುಡುತ್ತಾನೆ.

ಓದುವಾಗ ಕೈಯಲ್ಲಿ ಪೆನ್ಸಿಲ್ ಇರಬೇಕು. ಅರ್ಥವಾಗದ ಕಡೆ ಪ್ರಶ್ನೆ ಚಿಹ್ನೆ, ಹಿಡಿಸಿದ ಕಡೆ ಗೆರೆ, ಒಪ್ಪಿಗೆಯಾಗದ ಕಡೆ ಅಡ್ಡಗೀಟು. "ಸತ್ಯವೇದದಲ್ಲಿ ಗೀಚುವುದಾ?" ಅಂತ ಅತ್ತೆಗೆ ಕಸಿವಿಸಿ ಆಯ್ತು. ಮಕ್ಕಳಿಗೆ ಬೇರೆ ಅಗ್ಗದ ಪ್ರತಿ ತಂದುಕೊಟ್ಟೆ, ಸಮಾಧಾನ ಆಯ್ತು. ಅಡ್ಡಗೀಟಿಗೆ ನಾನು ಬೈಯುವುದಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಬೆರೋಯ ಎನ್ನುವ ಊರಿನವರು ಪೌಲ ಹೇಳಿದ್ದು ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕೇ ಅವರನ್ನು ಸದ್ಗುಣದವರು ಅಂತ ಬರೆದಿದೆ.

ಅತಿ ಜಾಸ್ತಿ ಗೀಟು ಬಿದ್ದದ್ದು ಎರಡನೇ ಸಮುವೇಲನ 11, 12ನೇ ಅಧ್ಯಾಯಗಳಿಗೆ. ದಾವೀದ, ಬತ್ಷೆಬೆ. ಈ ಭಾಗವನ್ನು ಹದಿಹರೆಯದವರ ಮುಂದೆ ಓದಲು ಮುಜುಗರಪಟ್ಟು ಹಾರಿಸುವವರೇ ಜಾಸ್ತಿ. ನನ್ನ ಲೆಕ್ಕದಲ್ಲಿ ಈ ವಯಸ್ಸಿಗೆ ಓದಲೇಬೇಕಾದ ಭಾಗ ಇದು. ಅರಸರು ಯುದ್ಧಕ್ಕೆ ಹೊರಡುವ ಕಾಲ, ಇವನು ಮಾತ್ರ ಮನೆಯಲ್ಲಿ. ಸಂಜೆ ಎದ್ದು ಮಾಳಿಗೆ ಮೇಲೆ ತಿರುಗಾಡುತ್ತಾನೆ, ಸ್ನಾನ ಮಾಡುತ್ತಿದ್ದ ಬತ್ಷೆಬೆಯನ್ನು ನೋಡುತ್ತಾನೆ, ವಿಚಾರಿಸುತ್ತಾನೆ, ಕರೆಸುತ್ತಾನೆ. ಕೊನೆಗೆ ಅವಳ ಗಂಡ ಊರೀಯನ ಕೊಲೆ. ಮಗಳಿಗೆ ಸಿಟ್ಟು ಬಂತು. "ಪ್ರಸಂಗದಲ್ಲಿ ಯಾವಾಗ್ಲೂ ಅವಳು ಯಾಕೆ ಅಲ್ಲಿ ಸ್ನಾನ ಮಾಡಿದ್ಲು ಅಂತಾರೆ. ಇಲ್ಲಿ ನೋಡಿ, ಅವಳನ್ನು ಎಲ್ಲೂ ಬೈದಿಲ್ಲ." ಹೌದು. ದಾವೀದ ಮಾಡಿದ್ದು ಕರ್ತನಿಗೆ ಕೆಟ್ಟದ್ದಾಗಿ ಕಂಡಿತು ಅಂತಲೇ ಆ ಅಧ್ಯಾಯ ಮುಗಿಯುವುದು. ಪ್ರವಾದಿ ನಾತಾನ ಬಂದು ಬಡವನ ಕುರಿಮರಿಯ ಕಥೆ ಹೇಳಿ "ಆ ಮನುಷ್ಯನು ನೀನೇ" ಅನ್ನುವಾಗಲೂ ಬೆರಳು ಅರಸನ ಕಡೆಗೇ. ಮಗ ಜಾಸ್ತಿ ಮಾತಾಡಲಿಲ್ಲ. ಮಾಳಿಗೆಯಿಂದ ನೋಡುವುದಕ್ಕೂ ಫೋನಿನಲ್ಲಿ ನೋಡುವುದಕ್ಕೂ ಏನು ವ್ಯತ್ಯಾಸ ಅಂತ ಆ ರಾತ್ರಿ ಅವನೇ ಅಪ್ಪನ ಹತ್ತಿರ ಮಾತು ತೆಗೆದನಂತೆ. ಆ ಮಾತುಕತೆಗೆ ನಾನು ಹೋಗಲಿಲ್ಲ, ಕೇಳಲೂ ಇಲ್ಲ.

ಎಲ್ಲದಕ್ಕೂ ಉತ್ತರ ಸಿಗುತ್ತದೆ ಅಂತಲ್ಲ. ನ್ಯಾಯಸ್ಥಾಪಕರು 11ರಲ್ಲಿ ಇಸ್ರಾಯೇಲರ ನಾಯಕ ಯೆಫ್ತಾಹ, ಯುದ್ಧ ಗೆದ್ದರೆ ಮನೆಯಿಂದ ಎದುರು ಬರುವುದನ್ನು ದೇವರಿಗೆ ಕೊಡುತ್ತೇನೆ ಅಂತ ಹರಕೆ ಹೊತ್ತು ತನ್ನ ಒಬ್ಬಳೇ ಮಗಳನ್ನು ಕಳೆದುಕೊಳ್ಳುತ್ತಾನೆ. ಅವಳನ್ನು ಬಲಿ ಕೊಟ್ಟ ಅಂತ ಓದುವವರಿದ್ದಾರೆ. ಇಲ್ಲ, ಮದುವೆಯಿಲ್ಲದೆ ದೇವರಿಗೆ ಮೀಸಲಾಗಿ ಉಳಿದಳು ಅಂತ ಓದುವವರೂ ಇದ್ದಾರೆ. ಸಭಾಪಾಲಕರ ಹತ್ತಿರ ಮಗಳನ್ನೇ ಕಳಿಸಿದೆ. ಅವರು ಎರಡನ್ನೂ ತಾಳ್ಮೆಯಿಂದ ವಿವರಿಸಿದರು. ಅವಳಿಗೆ ಎರಡೂ ಹಿಡಿಸಲಿಲ್ಲ. ಪ್ರಶ್ನೆ ಚಿಹ್ನೆ ಅಲ್ಲೇ ಇದೆ, ಇರಲಿ.

ಇನ್ನೊಂದು ನಿಯಮ: ಬೈಯುವಾಗ ವಚನ ಎತ್ತಬಾರದು. ಅತ್ತೆಗೆ ಈ ನಿಯಮ ಅನ್ವಯಿಸುವುದಿಲ್ಲ, ಅವರ ವಯಸ್ಸಿಗೆ ಆ ವಿನಾಯಿತಿ. ಒಂದು ದಿನ ಅವರು ಎಫೆಸದವರಿಗೆ 6:1 ಹೇಳಿದರು, ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕು ಅಂತ. ಮಗ ಬೈಬಲ್ ತೆಗೆದು ಅದೇ ಅಧ್ಯಾಯದ 4ನೇ ವಚನವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿದ. ತಂದೆಗಳು ಮಕ್ಕಳಿಗೆ ಕೋಪ ಎಬ್ಬಿಸಬಾರದು! ಅಜ್ಜಿ ನಕ್ಕುಬಿಟ್ಟರು. ಅವನು ಅಂದದ್ದು ಉದ್ಧಟತನ ಇರಬಹುದು, ಆದರೆ ಮೂರು ವಚನ ಮುಂದಕ್ಕೆ ಓದಿದ್ದ, ಅದು ಮುಖ್ಯ.

ಮುಂದಕ್ಕೆ, ಹಿಂದಕ್ಕೆ ಓದುವ ಈ ಅಭ್ಯಾಸ ಪರೀಕ್ಷೆ ಕಾಲಕ್ಕೂ ಬಂತು. ಫಿಲಿಪ್ಪಿಯವರಿಗೆ 4:13 ನಮ್ಮವರ ಮನೆಗಳ ಕ್ಯಾಲೆಂಡರಿನಲ್ಲಿ, ಹಾಲ್ ಟಿಕೆಟ್ ಇಡುವ ಫೈಲಿನ ಮೇಲೆ, ಎಲ್ಲೆಲ್ಲೂ ಇರುತ್ತದೆ. ಕ್ರಿಸ್ತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ. ಎರಡು ವಚನ ಹಿಂದಕ್ಕೆ ಹೋದರೆ ಪೌಲ ಮಾತಾಡುತ್ತಿರುವುದು ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಒಂದೇ ತರ ಇರಲು ಕಲಿತದ್ದರ ಬಗ್ಗೆ. ಅದನ್ನು ಬರೆದದ್ದೂ ಸೆರೆಯಿಂದ. ತೊಂಬತ್ತೈದು ಪರ್ಸೆಂಟಿನ ಗ್ಯಾರಂಟಿ ಅಲ್ಲಿಲ್ಲ. ಮಗಳಿಗೆ ಇದರಿಂದ ಭಾರ ಇಳಿದ ಹಾಗಾಯ್ತಂತೆ. ಆ ತಿಂಗಳುಗಳಲ್ಲಿ ಭಾನುವಾರದ ಓದು ನಿಲ್ಲಿಸಿ, ದಿನಕ್ಕೊಂದು ಚಿಕ್ಕ ಕೀರ್ತನೆ ಸಾಕು ಅಂದೆ. ಆರೇ ವಚನದ 13ನೇ ಕೀರ್ತನೆಯನ್ನು ಅವಳು ಮತ್ತೆ ಮತ್ತೆ ತೆಗೆಯುತ್ತಿದ್ದಳು. ಎಷ್ಟರವರೆಗೆ, ಕರ್ತನೇ, ಅಂತ ಶುರುವಾಗುವುದು.

ಬರುವುದಿಲ್ಲ ಅನ್ನುವ ಭಾನುವಾರಗಳೂ ಇವೆ, ಮಗನದ್ದು ವಿಶೇಷವಾಗಿ. ಕರೆಯುತ್ತೇನೆ, ಎಳೆಯುವುದಿಲ್ಲ. ಅವನು ರೂಮಿನಲ್ಲಿದ್ದರೂ ನಾವು ಓದುತ್ತೇವೆ, ಬಾಗಿಲು ತೆರೆದೇ ಇರುತ್ತದೆ.

ಈಗ ಯೋಬನ ಸರದಿ, 42 ಅಧ್ಯಾಯ. ಮಗಳೇ ಪಾತ್ರ ಹಂಚಿದ್ದಾಳೆ. ಯೋಬ ಅವಳು, ಅವನ ಜೊತೆ ವಾದಕ್ಕಿಳಿಯುವ ಗೆಳೆಯರಲ್ಲಿ ಎಲೀಫಜ ಅಪ್ಪ, ಬಿಲ್ದದ ನಾನು, ಚೋಫರ ಅತ್ತೆ. ಮಗನಿಗೆ ಎಲೀಹು ಬೇಕಂತೆ, ಎಲ್ಲರಿಗಿಂತ ಚಿಕ್ಕವನು, ದೊಡ್ಡವರ ಮೇಲೆ ಸಿಟ್ಟಾಗಿ ಮಾತಾಡುವವನು ಅಂತ. ಕೊಟ್ಟೆ. ಎಲೀಹು ಬಾಯಿ ಬಿಡುವುದು 32ನೇ ಅಧ್ಯಾಯದಲ್ಲಿ, ಅಲ್ಲಿಯ ತನಕ ಸುಮ್ನೆ ಕೂತು ಕೇಳಬೇಕು ಅನ್ನುವುದು ಅವನಿಗೆ ಪಾತ್ರ ಒಪ್ಪಿಕೊಂಡ ಮೇಲಷ್ಟೇ ಗೊತ್ತಾಯ್ತು.